ಹಿಂದಿನ ಸೀಟಿನ ನಿದ್ದೆ

ಆ ಕಾರು ನನ್ನ ಗ್ಯಾರೇಜಿಗೆ ಬಂದದ್ದು ಒಂದು ಮಂಗಳವಾರ ಮಧ್ಯಾಹ್ನ. ಊಟದ ಡಬ್ಬಿ ತೊಳೆದು ಬೋರಲು ಹಾಕಿ, ಬೆಂಚಿನ ಮೇಲೆ ಅರೆಗಣ್ಣು ಮುಚ್ಚಿ ಕುಳಿತಿದ್ದೆ. ಮಳೆಗಾಲ ಮುಗಿದ ಮೇಲೆ ಚೆಂಬೂರಿನಲ್ಲಿ ಆ ಹೊತ್ತಿಗೆ ಒಂದು ಬಗೆಯ ಹಳದಿ ಮಂಜು ಇಳಿದಿರುತ್ತದೆ. ಕಾಲೊನಿಯ ಗೋಡೆ, ಅದರಾಚೆಯ ಬಿಲ್ಡಿಂಗುಗಳು, ದೂರದ ರಿಫೈನರಿಯ ಚಿಮಣಿ ಎಲ್ಲವೂ ನೀರಿನೊಳಗೆ ನಿಂತ ಹಾಗೆ ಕಾಣುತ್ತವೆ. ಎಚ್ಚರವಿದ್ದವನಿಗೂ ತೂಕಡಿಕೆ ಬರುವ ಹೊತ್ತು ಅದು.

ಸೈಲೆನ್ಸರ್ ಕೆಲಸ ಮಾಡುವವನಿಗೆ ಗಾಡಿ ಕಣ್ಣಿಗಿಂತ ಮೊದಲು ಕಿವಿಗೆ ಬೀಳುತ್ತದೆ. ಕಣ್ಣು ಬಿಡದೆಯೇ ಕೇಳಿದೆ. ಹಲ್ಲಿನ ಸಂದಿಯಿಂದ ಗಾಳಿ ಬಿಟ್ಟಂಥ ಸಣ್ಣ ಸದ್ದು. ಎಲ್ಲೋ ಸೋರುತ್ತಿದೆ ಅಂದುಕೊಂಡೆ. ಗಾಡಿ ನಿಂತಿತು. ಇಳಿದವರು ಗ್ಯಾರೇಜಿನ ಹಿಂದಿರುವ ಕಾಲೊನಿಯ ಟೀಚರ್. ವಿಜಯಪುರದ ಕಡೆಯವರು, ಅಂದರೆ ನನ್ನ ಸೀಮೆಯವರೇ. ಮಂಗಳವಾರ, ಶನಿವಾರ ಮಾಟುಂಗದ ಒಂದು ಕನ್ನಡ ಸಂಘದ ಹಾಲಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸಲು ಹೋಗುತ್ತಾರೆ. ನಾಲ್ಕು ತಿಂಗಳ ಹಿಂದೆ ಯಾರಿಂದಲೋ ಈ ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಂಡಿದ್ದರು. ನನ್ನ ಹತ್ತಿರ ತಂದದ್ದು ಅದೇ ಮೊದಲು.

"ಹೋದ ವಾರದಿಂದ ಒಂದ ನಮೂನಿ ಸಪ್ಪಳ ಬರಾಕತ್ತೈತ್ರಿ ಮಿಸ್ತ್ರಿ. ಆ್ಯಕ್ಸಿಲರೇಟರ್ ಒತ್ತಿದ್ರ ಜಾಸ್ತಿ ಆಗತೈತಿ," ಅಂದರು.

"ವಾಸನಿ ಏನರ ಬರತೈತೇನ್ರಿ ಒಳಗ?"

"ಚೆಂಬೂರಾಗ ವಾಸನಿ ಬರದ ಇನ್ನೇನ ಬರತೈತ್ರಿ?" ಎಂದು ನಕ್ಕರು.

ನಾನೂ ನಕ್ಕೆ. ಈ ಭಾಗದಲ್ಲಿ ಇರುವವರ ಅಭ್ಯಾಸ ಅದು. ಮೂಗಿಗೆ ಏನು ಬಡಿದರೂ ಫ್ಯಾಕ್ಟರಿಗಳ ಕಡೆ ಕೈತೋರಿಸಿ ಕಿಟಕಿ ಮುಚ್ಚಿಕೊಳ್ಳುತ್ತೇವೆ. ಟೀಚರ್ ಕೂಡ ಗಾಡಿಯ ಕಿಟಕಿ ಏರಿಸಿ, ಹೊರಗಿನ ಗಾಳಿ ಬಾರದ ಹಾಗೆ ಏಸಿ ತಿರುಗಿಸಿ, ಕನ್ನಡಿಗೆ ಮಲ್ಲಿಗೆ ವಾಸನೆಯ ಬಿಲ್ಲೆಯೊಂದನ್ನು ತೂಗುಹಾಕಿದ್ದರು. ಇಷ್ಟೆಲ್ಲ ಆದಮೇಲೂ ತಮಗೆ ಒಮ್ಮೊಮ್ಮೆ ತಲೆ ನೋಯುತ್ತದೆ ಅಂದರು. ಅದನ್ನು ಅವರು ಟ್ರಾಫಿಕ್ಕಿನ ಲೆಕ್ಕಕ್ಕೆ ಹಾಕಿದ್ದರು. ನಾನೂ ಅಲ್ಲಿಗೇ ಹಾಕಿದೆ.

ಪೇಟೆ ಸುತ್ತಿ ಬರುವಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಎಡಗಡೆ ಅವರ ತಾಯಿ ಮಲಗಿಬಿಟ್ಟಿದ್ದರು. ದಾರಿಯಲ್ಲಿ ಸಿಕ್ಕಾಗಲೆಲ್ಲ ನನ್ನನ್ನು ತಮ್ಮಾ ಎಂದು ಕರೆಯುವ, ಎಂಬತ್ತರ ಹತ್ತಿರದ ಮುದುಕಿ, ಇಳಕಲ್ ಸೀರೆಯ ಸೆರಗು ತಲೆಯ ಮೇಲೆ, ಬಾಯಿ ಸ್ವಲ್ಪ ತೆರೆದಿತ್ತು. ಮುಖದ ಮೇಲೆ ಒಂದು ನಗೆ.

"ನಮ್ಮ ಅವ್ವಗ ಈ ಗಾಡಿ ಅಂದ್ರ ತೊಟ್ಟಿಲ ಆಗೇತ್ರಿ. ಕುಂತು ಹತ್ತ ನಿಮಿಷಕ್ಕ ನಿದ್ದಿ. ನಿದ್ದಿಯೊಳಗ ಕನಸು. ಅದೂ ಪ್ರತಿ ಸರ್ತಿ ಒಂದ ಕನಸು."

ಆ ಕನಸಿನ ಕತೆಯನ್ನು ಟೀಚರ್ ನಿಂತಲ್ಲೇ ಹೇಳಿದರು. ವಿಜಯಪುರದ ಒಂದು ಓಣಿ, ಮಣ್ಣಿನ ಮಾಳಿಗೆ, ಇಳಿಬಿಸಿಲು. ಚಿಕ್ಕಂದಿನಲ್ಲೇ ತೀರಿಕೊಂಡ ಅಕ್ಕ ಅಜ್ಜಿಯ ತಲೆಗೆ ಕುಸುಬಿ ಎಣ್ಣೆ ಹಚ್ಚಿ ಜಡೆ ಹೆಣೆಯುತ್ತಿರುತ್ತಾಳೆ. ಜಡೆ ಮುಗಿಯುವುದರೊಳಗೆ ಮಾಟುಂಗ ಬಂದುಬಿಡುತ್ತದೆ. ಅಜ್ಜಿ ಅದನ್ನು ಹಾಲಿನಲ್ಲಿ ಮಕ್ಕಳಿಗೆ ಹೇಳಿ ಹೇಳಿ, ಈಗ ಮಕ್ಕಳು ಬಾಗಿಲಲ್ಲೇ ನಿಂತು "ಅಜ್ಜಿ, ಆಜ್ ಜಡೆ ಪೂರಾ ಆಯ್ತಾ?" ಎಂದು ಕೇಳುತ್ತಾರಂತೆ. ಅರ್ಧ ಕನ್ನಡ, ಅರ್ಧ ಹಿಂದಿಯ ಆ ಪ್ರಶ್ನೆಯನ್ನು ಟೀಚರ್ ಮಕ್ಕಳ ದನಿಯಲ್ಲೇ ಹೇಳಿದರು. ನನಗೆ ಬಹಳ ಹಿಡಿಸಿತು. ನಮ್ಮ ಮನೆಯಲ್ಲೂ ಅಂಥ ಮಾಳಿಗೆ ಇತ್ತು, ಅಂಥ ಬಿಸಿಲಿತ್ತು. ಗಾಜಿನಾಚೆ ಮಲಗಿದ್ದ ಆ ಮುಖ ನೋಡುತ್ತ ನಾನೂ ಸ್ವಲ್ಪ ಹೊತ್ತು ಎಲ್ಲೋ ಹೋಗಿಬಂದೆ.

"ಎಬ್ಬಿಸಬ್ಯಾಡ್ರಿ. ಎಂಜಿನ್ ಚಾಲೂ ಇರ್ಲಿ, ಏಸಿ ಇರ್ಲಿ. ನಾ ಸ್ಕ್ಯಾನರ್ ಹಚ್ಚಿ ನೋಡತೀನಿ," ಅಂದೆ.

ಆ ಮಾತು ನನ್ನ ಬಾಯಿಂದಲೇ ಬಂದದ್ದು. ಅದಕ್ಕೇ ಅದನ್ನು ಇಲ್ಲಿ ಮೊದಲು ಬರೆದಿಡುತ್ತಿದ್ದೇನೆ.

ನನ್ನ ಕೆಲಸದ ಎರಡು ಮಾತು ಹೇಳಿಬಿಡುತ್ತೇನೆ, ಮುಂದಿನದು ಸಲೀಸಾದೀತು. ಎಂಜಿನ್ನಿನ ಹೊಗೆ ಹಿಂದಿನ ಪೈಪಿಗೆ ಹೋಗುವ ದಾರಿಯಲ್ಲಿ ಗಾಡಿಯ ಹೊಟ್ಟೆಯಡಿ ಒಂದು ಉಕ್ಕಿನ ಡಬ್ಬಿ ಇರುತ್ತದೆ. ನಾವು ಕ್ಯಾಟ್‌ಕಾನ್ ಅನ್ನುತ್ತೇವೆ. ಅದರೊಳಗೆ ಪಿಂಗಾಣಿಯ ಜೇನುಗೂಡು. ಅದರ ಸೂಜಿತೂತುಗಳಲ್ಲಿ ಹಾಯುವಾಗ ಹೊಗೆಯಲ್ಲಿನ ವಿಷದ ಬಹುಪಾಲು ಸುಟ್ಟು ಹೋಗುತ್ತದೆ. ಡಬ್ಬಿಗೆ ಮುಂದೊಂದು, ಹಿಂದೊಂದು ಆಕ್ಸಿಜನ್ ಸೆನ್ಸರ್. ಮುಂದಿನದು ಪೆಟ್ರೋಲ್ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಎಂಜಿನ್ನಿಗೆ ಕ್ಷಣಕ್ಷಣಕ್ಕೂ ಹೇಳುತ್ತದೆ. ಹಿಂದಿನದು ಡಬ್ಬಿ ತನ್ನ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ಕಾವಲು ಕಾಯುತ್ತದೆ. ಡಬ್ಬಿ ಕೆಟ್ಟರೆ ಚೆಕ್ ಲೈಟ್ ಹತ್ತಿಸುವುದು ಅದೇ.

ಟೀಚರ್ ಗಾಡಿಯಲ್ಲಿ ಲೈಟ್ ಹತ್ತಿರಲಿಲ್ಲ. ಸ್ಕ್ಯಾನರಿನಲ್ಲಿ ಮುಂದಿನ ಸೆನ್ಸರಿನ ಗೆರೆ ಏಳಬೇಕಾದಷ್ಟು ಚುರುಕಾಗಿ ಏಳದೆ, ಸೋಮಾರಿಯಾಗಿ ಹೊರಳುತ್ತಿತ್ತು. ವಯಸ್ಸಾದ ಸೆನ್ಸರ್, ಪೆಟ್ರೋಲ್ ಜಾಸ್ತಿ ಕುಡಿಸುತ್ತಿದೆ ಅಂದುಕೊಂಡೆ. ಹಿಂದಿನದರ ಗೆರೆ ನೆಟ್ಟಗಿತ್ತು. ನೆಟ್ಟಗಿದ್ದರೆ ಡಬ್ಬಿ ಚೆನ್ನಾಗಿದೆ ಎಂದು ಅರ್ಥ. ಸರಿ, ಸೆನ್ಸರ್ ಒಂದು, ಎಲ್ಲೋ ಒಂದು ಗ್ಯಾಸ್ಕೆಟ್, ಅರ್ಧ ದಿನದ ಕೆಲಸ. ಹಾಗೆ ಲೆಕ್ಕ ಹಾಕುತ್ತ ಇಪ್ಪತ್ತು ನಿಮಿಷ ಎಂಜಿನ್ ಓಡಿಸುತ್ತ ಕುಳಿತೆ. ಟೀಚರ್ ಹೊರಗೆ ಮರದಡಿ ಮಕ್ಕಳ ವಹಿ ತಿದ್ದುತ್ತಿದ್ದರು.

ಅಷ್ಟರಲ್ಲಿ ಸೇಫ್ಟಿ ಸಾಹೇಬರು ಬಂದರು. ಅವರು ರಿಫೈನರಿಯ ಗುತ್ತಿಗೆದಾರನೊಬ್ಬನ ಹತ್ತಿರ ಸುರಕ್ಷತೆಯ ಕೆಲಸ ಮಾಡುವ ಮರಾಠಿಯವರು. ಮೊದಲ ಪಾಳಿ ಮುಗಿಸಿ ನೇರ ನನ್ನ ಬೆಂಚಿಗೆ ಬಂದು, ಚಹಾ ಕುಡಿದು, ಪೇಪರ್ ಓದಿ ಮನೆಗೆ ಹೋಗುವುದು ಅವರ ರೂಢಿ. ಅಂಗಿಯ ಜೇಬಿಗೆ ಸಿಕ್ಕಿಸಿದ ಹಳದಿ ಬೀಪರನ್ನು ತೆಗೆಯುವುದೂ ಮರೆತಿರುತ್ತಾರೆ. ಗಾಳಿಯಲ್ಲಿ ವಿಷ ಹೆಚ್ಚಾದರೆ ಕೂಗುವ ಯಂತ್ರ ಅದು. "ಮನೆಗೆ ಹೋದಮೇಲಾದರೂ ತೆಗೆಯಿರಿ ಸಾಹೇಬ್, ಹೆಂಡತಿ ಒಗ್ಗರಣೆ ಹಾಕಿದರೆ ಕೂಗಿಕೊಂಡೀತು" ಎಂದು ನಾನು ದಿನವೂ ಕಾಡುತ್ತಿದ್ದೆ.

ಅಂದು ಅವರು ಗಾಡಿಯಲ್ಲಿ ಅಜ್ಜಿ ಮಲಗಿದ್ದನ್ನು ಕಂಡು, ಆರಾಮವೇ ಎಂದು ಕೇಳಲು ಹಿಂದಿನ ಬಾಗಿಲು ತೆಗೆದು ಒಳಗೆ ಬಾಗಿದರು. ಬೀಪರ್ ಕೂಗಿತು. ಅದರ ಪುಟ್ಟ ಕೆಂಪು ದೀಪ ಅಜ್ಜಿಯ ಕೆನ್ನೆಯ ಮೇಲೆ ಹತ್ತಿ ಆರಿತು. ನಾನು ನಗಬೇಕೆಂದಿದ್ದೆ. ಸಾಹೇಬರ ಮುಖ ನೋಡಿ ನಗು ಬರಲಿಲ್ಲ.

"ಮಿಸ್ತ್ರಿ, ಗಾಡಿ ಬಂದ್ ಕರ್. ಪಹಲೇ ಅಮ್ಮಾ ಕೋ ಬಾಹರ್ ನಿಕಾಲ್," ಎಂದರು, ದನಿ ಎತ್ತದೆ.

ಎಂಜಿನ್ ಆರಿಸಿ, ಮೂವರೂ ಸೇರಿ ಅಜ್ಜಿಯನ್ನು ಎತ್ತಿ ಮರದಡಿಯ ಬೆಂಚಿನ ಮೇಲೆ ಮಲಗಿಸಿದೆವು. ಕೈಗೆ ಬಟ್ಟೆಗಂಟಿನಷ್ಟೂ ಭಾರವಿರಲಿಲ್ಲ. ಟೀಚರ್ "ಅವ್ವಾ, ಅವ್ವಾ" ಎಂದು ಕೆನ್ನೆ ತಟ್ಟುತ್ತಿದ್ದರು. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ನನಗಂತೂ ಆ ಹಳದಿ ಮಧ್ಯಾಹ್ನ ನಿಂತೇ ಹೋಗಿತ್ತು. ರಸ್ತೆಯ ಬಸ್ಸುಗಳು ಸದ್ದಿಲ್ಲದೆ ಹೋಗುತ್ತಿದ್ದವು. ಕೊನೆಗೆ ಅಜ್ಜಿಯ ಕಣ್ಣು ಅರ್ಧ ತೆರೆಯಿತು. ನಾಲಿಗೆ ತೊಡರುತ್ತಿತ್ತು.

"ಯಾಕ ಎಬ್ಬಿಸಿದ್ರಿ... ಜಡಿ ಇನ್ನೂ..." ಅಂದರು. ಆಮೇಲೆ ಪಕ್ಕಕ್ಕೆ ಹೊರಳಿ ವಾಂತಿ ಮಾಡಿಕೊಂಡರು.

ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಸಂಜೆಯ ತನಕ ಆಕ್ಸಿಜನ್ ಕೊಟ್ಟರು. ಡಾಕ್ಟರು ಹೇಳಿದ್ದನ್ನು ಟೀಚರ್ ನನಗೆ ತಿರುಗಿ ಹೇಳಿದರು. ಗಾಡಿಯ ಹೊಗೆಯೊಳಗಿನ ಒಂದು ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಪ್ರಾಣವಾಯುವಿನ ಜಾಗವನ್ನು ಅದು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ನಿದ್ದೆ. ಇಂಥ ಪ್ರಯಾಣ ಇನ್ನೊಂದಷ್ಟು ದೂರದ್ದಾಗಿದ್ದರೆ ಅವರು ಏಳುತ್ತಿರಲಿಲ್ಲ. ಟೀಚರ್ ಮುಂದಿನ ಸೀಟಿನಲ್ಲಿ, ಪೆಟ್ರೋಲ್ ಬಂಕಿನಲ್ಲಿ, ಸಿಗ್ನಲ್ಲಿನಲ್ಲಿ ಆಗಾಗ ಕಿಟಕಿ ಇಳಿಸುತ್ತ ಉಳಿದುಕೊಂಡಿದ್ದರು. ನಾಲ್ಕು ತಿಂಗಳಿಂದ ವಾರಕ್ಕೆರಡು ಸಲ ತಾಯಿ ಕಂಡ ಕನಸು ಎಲ್ಲಿಂದ ಬರುತ್ತಿತ್ತು ಎಂಬುದು ಅವರಿಗೆ ಆಗ ಗೊತ್ತಾಯಿತು.

ಬುಧವಾರ ಬೆಳಿಗ್ಗೆ ಗಾಡಿಯನ್ನು ಗುಂಡಿಯ ಮೇಲೆ ತಂದೆ. ಗುಂಡಿಗೆ ಇಳಿದು ತಲೆಯೆತ್ತಿದರೆ ಗಾಡಿಯ ಹೊಟ್ಟೆಯೇ ಆಕಾಶ. ಅಲ್ಲಿ ನಿಂತಾಗೆಲ್ಲ ನನಗೆ ಒಂದು ಸುಖ. ಹೊರಗಿನ ಸದ್ದು ದೂರವಾಗಿ, ಎಣ್ಣೆಯ ತಣ್ಣನೆಯ ವಾಸನೆಯಲ್ಲಿ ಯೋಚನೆ ತೇಲುತ್ತದೆ. ಅಂದು ಆ ಸುಖ ಬರಲಿಲ್ಲ. ಶಾಖ ತಡೆಯುವ ತಗಡಿನ ನಾಲ್ಕು ಬೋಲ್ಟ್ ಬಿಚ್ಚಿ ಕೆಳಗಿಳಿಸಿದೆ. ಡಬ್ಬಿಯ ಪಕ್ಕದ ವೆಲ್ಡಿಂಗಿನ ಉದ್ದಕ್ಕೂ ಮಸಿಯ ಒಂದು ಗೆರೆ. ತಂತಿ ಬ್ರಷ್ಷಿನಿಂದ ಉಜ್ಜಿದಾಗ ಕೂದಲೆಳೆಯಂಥ ಬಿರುಕು ಕಂಡಿತು. ಹಿಂದಿನ ಪೈಪಿನ ಬಾಯಿಗೆ ಬಟ್ಟೆ ತುರುಕಿ, ಒಳಗೆ ಗಾಳಿ ಬಿಟ್ಟು, ಬಿರುಕಿಗೆ ಸಾಬೂನು ನೀರು ಹಚ್ಚಿದೆ. ನೊರೆ ಗುಳ್ಳೆಗಟ್ಟಿತು. ಅದರ ನೇರ ಮೇಲೆ, ಹಿಂದಿನ ಎಡ ಸೀಟಿನ ಕಾಲಿಡುವ ಜಾಗದಲ್ಲಿ, ನೆಲಕ್ಕೆ ಹಾಕುವ ರಬ್ಬರ್ ಬುಚ್ಚು ಇರಲಿಲ್ಲ. ರೂಪಾಯಿಯಗಲದ ತೂತು. ಒಳಗಿನ ಕಾರ್ಪೆಟ್ಟಿನ ಎಳೆಗಳು ಅಲ್ಲಿ ಕಪ್ಪಾಗಿದ್ದವು.

ಕಂಪನಿಯ ಡಬ್ಬಿಗೆ ಆ ಜಾಗದಲ್ಲಿ ವೆಲ್ಡಿಂಗ್ ಇರುವುದಿಲ್ಲ. ಯಾರೋ ಅದನ್ನು ಕೊಯ್ದು, ಮತ್ತೆ ಮುಚ್ಚಿದ್ದಾರೆ. ಸುತ್ತಿಗೆಯ ಹಿಡಿಯಿಂದ ತಟ್ಟಿದೆ. ಪೊಳ್ಳು. ಜೇನುಗೂಡು ಇಲ್ಲವೇ ಇಲ್ಲ. ಹಾಗಾದರೆ ಹಿಂದಿನ ಸೆನ್ಸರಿನ ಗೆರೆ ನೆಟ್ಟಗೆ ಹೇಗೆ ಬಂತು? ಕೈಯಾಡಿಸಿ ಹುಡುಕಿದೆ. ಸೆನ್ಸರಿಗೂ ಪೈಪಿಗೂ ನಡುವೆ ಹೆಬ್ಬೆರಳ ಗಾತ್ರದ ಪೊಳ್ಳು ಉಕ್ಕಿನ ತುಂಡು. ಸ್ಪೇಸರ್. ಅದರ ತುದಿಯಲ್ಲಿ ಸೂಜಿತೂತು. ಸೆನ್ಸರನ್ನು ಹೊಗೆಯ ಹರಿವಿನಿಂದ ದೂರ ಎತ್ತಿ ಕೂರಿಸಿ, ಒಂದೆಳೆ ಹೊಗೆ ಮಾತ್ರ ತಾಗುವಂತೆ ಮಾಡುವ ಉಪಾಯ. ಕಾವಲುಗಾರನ ಕಣ್ಣಿಗೆ ಬಟ್ಟೆ ಕಟ್ಟಿ "ಎಲ್ಲ ಸರಿಯಿದೆ" ಅನ್ನಿಸುವುದು.

ಸೀಮೆಎಣ್ಣೆಯ ಅರಿವೆಯಿಂದ ಸ್ಪೇಸರ್ ಒರೆಸಿದೆ. ಮಸಿ ಹೋಗಿ ಉಕ್ಕು ಹೊಳೆಯಿತು. ಹೊಳೆದ ಜಾಗದಲ್ಲಿ ಪಂಚಿನ ಮೊನೆಯಿಂದ ಹೊಡೆದ ಮೂರು ಚುಕ್ಕಿಗಳಿದ್ದವು.

ಅವು ನನ್ನ ಚುಕ್ಕಿಗಳು. ಲೇತ್ ಯಂತ್ರದ ಮೇಲೆ ನಾನು ಕಡೆದ ಪ್ರತಿ ತುಂಡಿಗೂ ಮೂರು ಚುಕ್ಕಿ ಹೊಡೆಯುವುದು ನನ್ನ ಶೋಕಿ. ಅಕ್ಕಸಾಲಿಗರು ಒಡವೆಗೆ ಗುರುತು ಹಾಕುತ್ತಾರಲ್ಲ, ಹಾಗೆ. ಕೈಕೆಲಸದ ಮೇಲೆ ನನಗೆ ಮೊದಲಿಂದಲೂ ಸ್ವಲ್ಪ ಹೆಚ್ಚೇ ಪ್ರೀತಿ.

ಗುಂಡಿಯ ಗೋಡೆಗೆ ಒರಗಿ ಕುಳಿತುಬಿಟ್ಟೆ. ನಿಧಾನವಾಗಿ ನೆನಪಾಯಿತು. ಎರಡು ವರ್ಷವಾಗಿರಬೇಕು. ಯಾರೋ ಅವಸರದ ಮನುಷ್ಯ. ಮುಖ ಇಂದಿಗೂ ನೆನಪಿಲ್ಲ. ಗಾಡಿ ಏರಿನಲ್ಲಿ ಏದುಸಿರು ಬಿಡುತ್ತಿತ್ತು, ಜೇನುಗೂಡು ಕಟ್ಟಿಕೊಂಡಿತ್ತು. ಹೊಸದು ಹಾಕಿಸಲು ಆತನಿಗೆ ಮನಸ್ಸಿರಲಿಲ್ಲ. ಗ್ರೈಂಡರಿನಿಂದ ಡಬ್ಬಿಯ ಹೊಟ್ಟೆ ಸೀಳಿ, ಸರಳಿನಿಂದ ಕುಟ್ಟಿ ಪಿಂಗಾಣಿ ಉದುರಿಸಿ, ಮತ್ತೆ ವೆಲ್ಡ್ ಮಾಡಿ, ಸ್ಪೇಸರ್ ಹಾಕಿ ಸಂಜೆಯೊಳಗೆ ಕಳಿಸಿದ್ದೆ. ಲೈಟ್ ಹತ್ತಲಿಲ್ಲ. ಗಾಡಿ ಹಕ್ಕಿಯ ಹಾಗೆ ಹೋಯಿತು. ಅದು ಕಾನೂನಿಗೆ ವಿರುದ್ಧ ಎಂದು ನನಗೆ ಗೊತ್ತಿತ್ತು, ಎಲ್ಲರಿಗೂ ಗೊತ್ತಿರುತ್ತದೆ. ಹೊಗೆ ಹೊರಗೆ ತಾನೆ ಹೋಗುವುದು, ಇಷ್ಟು ದೊಡ್ಡ ಊರಿನ ಗಾಳಿಯಲ್ಲಿ ನನ್ನದೊಂದು ಡಬ್ಬಿ ಯಾವ ಲೆಕ್ಕ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅದು ಒಳಗೆ ಬಂದೀತು, ನನ್ನೂರಿನ ಒಬ್ಬ ಅಜ್ಜಿಯ ಕಾಲಬುಡದಲ್ಲೇ ಬಂದೀತು ಎಂದು ಹೊಳೆದಿರಲಿಲ್ಲ.

ಮೇಲೆ ಹತ್ತಿ ಬಂದೆ. ನಿಜ ಹೇಳಬೇಕೆಂದರೆ ಮೊದಲು ಮಾಡಿದ್ದು ವೆಲ್ಡಿಂಗ್ ಮಶೀನಿನ ಸ್ವಿಚ್ ಹಾಕಿದ್ದು. ಬಿರುಕು ಮುಚ್ಚಿ, ರಬ್ಬರ್ ಬುಚ್ಚು ಹಾಕಿ, ಹೊಸ ಮುಂದಿನ ಸೆನ್ಸರ್ ಕೂರಿಸಿದರೆ ಸದ್ದು ನಿಲ್ಲುತ್ತದೆ, ವಿಷ ಒಳಗೆ ಬರುವುದೂ ನಿಲ್ಲುತ್ತದೆ. ಒಂದು ಗಂಟೆಯ ಕೆಲಸ. ಸ್ಪೇಸರಿನ ಗುಟ್ಟು ನನ್ನೊಳಗೇ ಉಳಿಯುತ್ತದೆ. ವೆಲ್ಡಿಂಗಿನ ಗಾಜು ಮುಖಕ್ಕೆ ಹಿಡಿದು ಮತ್ತೆ ಗುಂಡಿಗೆ ಇಳಿದೆ. ಕಪ್ಪು ಗಾಜಿನೊಳಗೆ ಏನೂ ಕಾಣುವುದಿಲ್ಲ, ಕಿಡಿ ಹತ್ತುವ ತನಕ. ಆ ಕತ್ತಲೆಯಲ್ಲಿ ಅಜ್ಜಿಯ ನಗುವ ಮುಖ ಬಂತು, "ಎಬ್ಬಿಸಬ್ಯಾಡ್ರಿ" ಎಂಬ ನನ್ನದೇ ದನಿ ಬಂತು. ಇವತ್ತು ಮುಚ್ಚಿದ್ದು ನಾಳೆ ಮತ್ತೆ ಬಿರಿಯುವುದಿಲ್ಲ ಎಂದು ಯಾರು ಹೇಳಿದರು? ಮೊದಲ ಸಲವೂ ನಾನು ಚೆನ್ನಾಗಿಯೇ ವೆಲ್ಡ್ ಮಾಡಿದ್ದೆ. ಗಾಜು ತೆಗೆದೆ. ಮೇಲೆ ಬಂದು ಮಶೀನ್ ಆರಿಸಿದೆ. ಸ್ಪೇಸರನ್ನು ಅರಿವೆಯಲ್ಲಿ ಸುತ್ತಿಕೊಂಡು ಕಾಲೊನಿಯ ಕಡೆ ನಡೆದೆ.

ಅಜ್ಜಿ ಒಳಗಿನ ಕೋಣೆಯಲ್ಲಿ ಮಲಗಿದ್ದರು. ಟೀಚರ್ ಬಾಗಿಲು ತೆರೆದು ಕುರ್ಚಿ ತೋರಿಸಿದರು. ಕೂರಲು ಮನಸ್ಸಾಗಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ, ಡಬ್ಬಿ ಪೊಳ್ಳು ಮಾಡಿದ್ದು, ಸೆನ್ಸರಿಗೆ ಸುಳ್ಳು ಕಲಿಸಿದ್ದು, ಮೂರು ಚುಕ್ಕಿ. ಸ್ಪೇಸರ್ ಅವರ ಅಂಗೈಯಲ್ಲಿಟ್ಟೆ. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಬೈದಿದ್ದರೆ ಹಗುರಾಗುತ್ತಿತ್ತು.

"ಇಷ್ಟ ಸಣ್ಣದಲ್ರಿ ಇದು," ಅಂದರು ಕೊನೆಗೆ.

"ಹೌದ್ರಿ."

"ನಿಮ್ಮ ಮ್ಯಾಲ ಸಿಟ್ಟ ಬಂದೈತ್ರಿ ಮಿಸ್ತ್ರಿ. ಸುಳ್ಳ ಯಾಕ ಹೇಳ್ಲಿ. ಬ್ಯಾರೇ ಕಡೆ ಒಯ್ಯಬೇಕಂತ ಅನಸ್ತೈತಿ. ಆದ್ರ ಅಲ್ಲಿ ಒಳಗ ಏನ ಮಾಡ್ಯಾರಂತ ನನಗ ಹ್ಯಾಂಗ ಗೊತ್ತಾಗಬೇಕು?"

ಅವರು ಸ್ಪೇಸರನ್ನು ನನ್ನ ಕೈಗೆ ತಿರುಗಿ ಕೊಟ್ಟರು.

"ನೀವ ಮಾಡ್ರಿ. ಪೂರ್ತಿ ಕೆಲಸ ನಾ ಮುಂದ ನಿಂತ ನೋಡತೀನಿ. ಆಮ್ಯಾಲ ಮೊದಲನೇ ಸರ್ತಿ ಹಿಂದಿನ ಸೀಟಿನ್ಯಾಗ ನೀವ ಕುಂದರಬೇಕು. ಅವ್ವ ಕುಂದರೂ ಜಾಗಾದಾಗ. ಕಿಟಕಿ ಮುಚ್ಚಿ."

"ಕುಂದರತೀನ್ರಿ."

"ಮತ್ತ ಅವ್ವಗ ಇದನ್ನ ಹೇಳಬ್ಯಾಡ್ರಿ. ಆಕಿ ನಿಮ್ಮನ್ನ ತಮ್ಮಾ ಅಂತ ಕರೀತಾಳ. ಅದನ್ನ ಆಕಿ ಕಡಿಂದ ಕಸಗೋಬ್ಯಾಡ್ರಿ."

ಆ ಮಾತು ನನಗೆ ಬೈಗುಳಕ್ಕಿಂತ ಹೆಚ್ಚು ನೋವು ಕೊಟ್ಟಿತು. ಯಾರಿಗೆ ತಪ್ಪು ಮಾಡಿದ್ದೆನೋ ಅವರ ಹತ್ತಿರ ತಪ್ಪಾಯಿತು ಅನ್ನುವ ದಾರಿಯೂ ಮುಚ್ಚಿಹೋಯಿತು.

ಹೊಸ ಕ್ಯಾಟ್‌ಕಾನ್ ಬರಲು ಎಂಟು ದಿನ ಹಿಡಿಯಿತು. ಅಷ್ಟು ದಿನವೂ ಗಾಡಿಯ ಕೀಲಿ ನನ್ನ ಕೊರಳಲ್ಲಿತ್ತು. ಟೀಚರ್ ಲೋಕಲ್ ಹಿಡಿದು ಪಾಠಕ್ಕೆ ಹೋಗಿಬಂದರು. ಡ್ರಾಯರಿನಲ್ಲಿ ಉಳಿದಿದ್ದ ಸ್ಪೇಸರುಗಳನ್ನು ತೆಗೆದು ಒಂದೊಂದನ್ನೂ ಗ್ರೈಂಡರಿನಲ್ಲಿ ಸೀಳಿ ಗುಜರಿಗೆ ಹಾಕಿದೆ. ಈಗಾಗಲೇ ಹೊರಗೆ ಓಡುತ್ತಿರುವುದಕ್ಕೆ ಏನು ಮಾಡಲಿ? ಹಳೆಯ ಗಿರಾಕಿಗಳಲ್ಲಿ ನೆನಪಿದ್ದವರಿಗೆ ಫೋನ್ ಮಾಡಿ ಗಾಡಿ ತನ್ನಿ ಅಂದೆ. ಕೆಲವರು ನಕ್ಕರು, ಕೆಲವರು ಆಯಿತು ಅಂದರು. ಸಿಗ್ನಲ್ಲಿನಲ್ಲಿ ನಿಂತಾಗ ಈಗಲೂ ಪಕ್ಕದ ಗಾಡಿಯ ದನಿಗೆ ಕಿವಿಗೊಡುತ್ತೇನೆ.

ಹೊಸ ಡಬ್ಬಿ ಬಂದ ದಿನ ಟೀಚರ್ ಬೇರೆ ಕೆಲಸ ಬಿಟ್ಟು ಬಂದರು. ಮನೆಯಲ್ಲಿ ಒಬ್ಬರೇ ಬೇಡವೆಂದು ಅಜ್ಜಿಯನ್ನೂ ಕರೆತಂದಿದ್ದರು. ಅಜ್ಜಿಗೆ ಈಗ ಆರಾಮವಿತ್ತು. ನಾನು ಹೊಸ ಡಬ್ಬಿಗೆ ಸುತ್ತಿದ್ದ ಕಾಗದ ಬಿಚ್ಚಿ ಅದನ್ನು ಬೆಳಕಿಗೆ ಹಿಡಿದೆ. ಸಾವಿರ ಸಣ್ಣ ಚೌಕ, ಪ್ರತಿ ಚೌಕದಲ್ಲೂ ಒಂದು ಚೂರು ಆಕಾಶ. ಇಷ್ಟು ವರ್ಷ ಇದನ್ನು ಕುಟ್ಟಿ ಉದುರಿಸುವಾಗ ಒಮ್ಮೆಯೂ ಹೀಗೆ ಹಿಡಿದು ನೋಡಿರಲಿಲ್ಲ. ಅಜ್ಜಿ ಕೈಚಾಚಿದರು. ಅವರ ಕಣ್ಣಿಗೆ ಹಿಡಿದೆ.

"ಜಾಲಂದ್ರ ಕಂಡಂಗ ಕಾಣತೈತಲ್ಲೋ ತಮ್ಮಾ," ಅಂದರು. "ನಮ್ಮೂರ ಗುಡಿ ಗ್ವಾಡ್ಯಾಗ ಇಂಥಾವ ಇದ್ವು. ಒಳಗ ಕುಂತ್ರ ಹೊರಗಿನ ಬಿಸಲ ಚೂರ ಚೂರ ಆಗಿ ಮೈಮ್ಯಾಲ ಬೀಳತಿತ್ತು. ಇದರಾಗ ಹೊಗಿ ಹೊಕ್ಕತೈತೇನು?"

"ಹೊಕ್ಕತೈತ್ರಿ. ಹೊಕ್ಕು ಚೊಕ್ಕ ಆಗಿ ಹೊರಗ ಬರತೈತ್ರಿ."

"ಭೇಷ್," ಅಂದು ತಿರುಗಿ ಕೊಟ್ಟರು.

ಕೆಲಸ ಸರಾಗವಾಗಿ ಆಗಲಿಲ್ಲ. ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿದ್ದರೂ ಮುಂದಿನ ಸೆನ್ಸರ್ ಮಿಸುಕಲಿಲ್ಲ. ಎಂಜಿನ್ ಬಿಸಿ ಮಾಡಿ, ಪಕ್ಕ ಸೀಳಿದ ಸಾಕೆಟ್ ಪಾನ ಹಾಕಿ, ಒಂದಿಷ್ಟು ಬಿಗಿದು ಒಂದಿಷ್ಟು ಸಡಿಲಿಸಿ, ಹಾಗೇ ಅರ್ಧ ಗಂಟೆ ಓಲೈಸಿದೆ. ಬಂತು, ಆದರೆ ಪೈಪಿನ ತಿರುಪಿನ ಎರಡು ಸುತ್ತನ್ನು ಜೊತೆಗೆ ಕಿತ್ತುಕೊಂಡೇ ಬಂತು. ತಿರುಪು ಕೊರೆಯುವ ಟ್ಯಾಪ್ ಹಾಕಿ ಅದನ್ನು ಮತ್ತೆ ಕೊರೆಯಬೇಕಾಯಿತು. ಸೆನ್ಸರಿನ ಮೂತಿ ಕಾಡಿಗೆಯಷ್ಟು ಕಪ್ಪಗಿತ್ತು. ಟೀಚರ್ ಅಡಿಗಡಿಗೆ ಗುಂಡಿಯ ಅಂಚಿಗೆ ಬಗ್ಗಿ "ಇದೇನು? ಇದನ್ನ ಯಾಕ ಬಿಚ್ಚಿದ್ರಿ?" ಎಂದು ಕೇಳುತ್ತಿದ್ದರು. ಪ್ರತಿಯೊಂದಕ್ಕೂ ಉತ್ತರ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ಕೈ ತಾನಾಗಿ ನಿಧಾನವಾಯಿತು. ಇನ್ನೊಬ್ಬರಿಗೆ ವಿವರಿಸಲಾಗದ ಕೆಲಸವನ್ನು ಮಾಡಬಾರದು ಎಂದು ನನಗೆ ಗುಂಡಿಯಲ್ಲಿ ನಿಂತೇ ತಿಳಿಯಿತು. ಹೊಸ ಡಬ್ಬಿಗೆ ಹೊಸ ಗ್ಯಾಸ್ಕೆಟ್ ಹಾಕಿ ಬೋಲ್ಟ್ ಬಿಗಿದೆ. ಹಿಂದಿನ ಸೆನ್ಸರನ್ನು ಅದರ ನಿಜವಾದ ಜಾಗದಲ್ಲಿ, ಹೊಗೆಯ ಹರಿವಿಗೆ ಎದುರಾಗಿ ಕೂರಿಸಿದೆ. ನೆಲದ ತೂತಿಗೆ ರಬ್ಬರ್ ಬುಚ್ಚು ಒತ್ತಿದೆ.

ಗಾಡಿ ಚಾಲೂ ಮಾಡಿದರೆ ಚೆಕ್ ಲೈಟ್ ಹತ್ತಿತು.

ಟೀಚರ್ ಮುಖ ಸಪ್ಪಗಾಯಿತು. ನನಗೆ ಮಾತ್ರ ಒಂದು ಬಗೆಯ ಸಂತೋಷ. ಸ್ಕ್ಯಾನರ್ ಹಚ್ಚಿದರೆ ಹಿಂದಿನ ಸೆನ್ಸರಿನ ಒಳಗಿನ ಹೀಟರ್ ಕೆಲಸ ಮಾಡುತ್ತಿಲ್ಲ ಎಂದಿತು. ಅದರ ವೈರು ಕೈಯಲ್ಲಿ ಹಿಡಿದು ಹೋದೆ. ಎರಡು ವರ್ಷದ ಹಿಂದಿನ ನನ್ನ ವೆಲ್ಡಿಂಗಿನ ಶಾಖಕ್ಕೆ ಮೇಲಿನ ಹೊದಿಕೆ ಸುಟ್ಟು ಗರಿಗರಿಯಾಗಿತ್ತು. ಒಳಗಿನ ಎಳೆ ಇಷ್ಟು ದಿನ ಹೇಗೋ ತಡೆದುಕೊಂಡು, ಅಂದು ನಾನು ಸೆನ್ಸರ್ ತಿರುಗಿಸಿ ಕೂರಿಸುವಾಗ ತುಂಡಾಗಿತ್ತು.

"ಇದೂ ನಂದ ಕೆಲಸಾರಿ ಟೀಚರ್," ಅಂದೆ. "ಆದ್ರ ನೋಡ್ರಿ, ಗಾಡಿ ಖರೆ ಮಾತಾಡಾಕ ಶುರು ಮಾಡೇತಿ."

ಅವರು ಎಂಟು ದಿನದಲ್ಲಿ ಮೊದಲ ಸಲ ನಕ್ಕರು. ಸೆನ್ಸರನ್ನೇ ಹೊಸದು ಹಾಕಿದೆ. ಸ್ಕ್ಯಾನರಿನಲ್ಲಿ ಮುಂದಿನ ಗೆರೆ ಚುರುಕಾಗಿ ಏಳುತ್ತ ಬೀಳುತ್ತ, ಹಿಂದಿನದು ಶಾಂತವಾಗಿ ಹರಿಯುತ್ತ ನಿಂತವು. ಈ ಸಲ ಆ ಶಾಂತಿ ಸುಳ್ಳಿನದಾಗಿರಲಿಲ್ಲ.

ಶನಿವಾರ ಮಧ್ಯಾಹ್ನ ಸಾಹೇಬರ ಬೀಪರ್ ಎರವಲು ಪಡೆದು ಹಿಂದಿನ ಎಡ ಸೀಟಿನಲ್ಲಿ ಕುಳಿತೆ. ಕಿಟಕಿ ಮುಚ್ಚಿತ್ತು, ಏಸಿ ಒಳಗಿನ ಗಾಳಿಯನ್ನೇ ತಿರುಗಿಸುತ್ತಿತ್ತು. ಟೀಚರ್ ಒಬ್ಬರೇ ಮುಂದೆ. ಸಾಯನ್ ಹತ್ತಿರ ಗಾಡಿಗಳು ಒಂದಕ್ಕೊಂದು ಅಂಟಿ ನಿಂತವು. ಮಧ್ಯಾಹ್ನದ ಬೆಳಕು ಗಾಜಿನ ಮೇಲೆ ಜಾರುತ್ತಿತ್ತು. ನನಗೆ ಆಕಳಿಕೆ ಬಂತು. ಕೂಡಲೇ ಬೀಪರ್ ನೋಡಿದೆ. ಬೀಪರಿನಲ್ಲಿ ಸೊನ್ನೆ. ಉಂಡ ಊಟದ ತೂಕಡಿಕೆ ಎಂದು ಗೊತ್ತಿದ್ದರೂ ಕಣ್ಣು ಮುಚ್ಚಲು ಧೈರ್ಯ ಬರಲಿಲ್ಲ. ಕನ್ನಡಿಯಲ್ಲಿ ಟೀಚರ್ ಕಣ್ಣು ನನ್ನನ್ನೇ ಕಾಯುತ್ತಿತ್ತು. ಮಾಟುಂಗದ ತನಕ ಸೊನ್ನೆ, ತಿರುಗಿ ಬರುವಾಗಲೂ ಸೊನ್ನೆ.

ಮಂಗಳವಾರ ಅಜ್ಜಿ ಬಂದರು. ನಾನು ಮುಂದಿನ ಸೀಟಿನಲ್ಲಿ, ಬೀಪರ್ ಅಜ್ಜಿಯ ಪಕ್ಕದಲ್ಲಿ. ಅಜ್ಜಿ ಕಾಲು ಮಡಚಿ, ಸೆರಗು ಹೊದ್ದು, ಕಣ್ಣು ಮುಚ್ಚಿ ತಯಾರಾಗಿ ಕುಳಿತರು. ನಿದ್ದೆ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು ಹೊರಗೆ ನೋಡತೊಡಗಿದರು. "ಇಷ್ಟ ದೊಡ್ಡ ಬ್ರಿಡ್ಜ್ ಯಾವಾಗ ಕಟ್ಟಿದ್ರು?" ಎಂದು ಕೇಳಿದರು. ನಾಲ್ಕು ತಿಂಗಳು ಅದರ ಮೇಲೆಯೇ ಓಡಾಡಿದ್ದರು. ಹಾಲಿನ ಬಾಗಿಲಲ್ಲಿ ಮಕ್ಕಳು ಕಾಯುತ್ತಿದ್ದರು.

"ಇವತ್ತ ಅಕ್ಕ ಬರಲಿಲ್ಲ," ಎಂದು ಅವರಿಗೆ ಹೇಳಿ ಒಳಗೆ ಹೋದರು. ಹೋಗುವ ಮುನ್ನ ನನ್ನ ಕಡೆ ತಿರುಗಿ, "ಗಾಡ್ಯಾಗಿಂದ ಏನ ತಗದಿಯೋ ತಮ್ಮಾ ನೀ?" ಅಂದರು.

ಜೀವ ಉಳಿಸಲು ಮಾಡಿದ ಕೆಲಸ ಸರಿ. ಆದರೆ ಅಕ್ಕನನ್ನು ಕೊಟ್ಟವನೂ ನಾನೇ, ಕಸಿದವನೂ ನಾನೇ.

ಮುಂದಿನ ಶನಿವಾರವೂ ಜೊತೆಗೆ ಹೋದೆ. ಹೋಗಲೇಬೇಕೆಂದು ಯಾರೂ ಹೇಳಿರಲಿಲ್ಲ. ಸಾಯನ್ ದಾಟಿದ ಮೇಲೆ ಟೀಚರ್ ಕನ್ನಡಿ ನೋಡಿ ಒಮ್ಮೆಲೆ ಗಾಡಿಯನ್ನು ಬದಿಗೆ ತಂದು ನಿಲ್ಲಿಸಿದರು. ಹಿಂದೆ ಹಾರ್ನುಗಳು. ತಿರುಗಿ ನೋಡಿದೆ. ಅಜ್ಜಿಯ ತಲೆ ಗಾಜಿಗೆ ಒರಗಿತ್ತು. ಕಣ್ಣು ಮುಚ್ಚಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಮುಖದ ಮೇಲೆ ಅದೇ ನಗೆ.

"ಅವ್ವಾ," ಎಂದು ಟೀಚರ್ ಕೂಗಿದ ದನಿ ನನಗೆ ಇನ್ನೂ ಕೇಳುತ್ತದೆ. ನಾನು ಇಳಿದು ಓಡಿ ಹಿಂದಿನ ಬಾಗಿಲು ತೆಗೆದೆ. ಬೀಪರ್ ಎತ್ತಿಕೊಂಡೆ. ಬಿಸಿಲಿಗೆ ಅಂಕಿ ಕಾಣದೆ ಅಂಗೈ ಮರೆ ಮಾಡಿ ನೋಡಿದೆ. ಸೊನ್ನೆ. ಅಜ್ಜಿಯ ಭುಜ ಹಿಡಿದು ಅಲುಗಿಸಿದೆ.

ಅಜ್ಜಿ ಥಟ್ಟನೆ ಕಣ್ಣು ಬಿಟ್ಟರು. ಕಣ್ಣು ತಿಳಿಯಾಗಿದ್ದವು, ದನಿ ಖಡಕ್ಕಾಗಿತ್ತು.

"ಯಾಕ ಎಬ್ಬಿಸಿದ್ರಿ? ಈಗರ ಬಂದಿದ್ಲು. ಜಡಿ ಅರ್ಧಕ್ಕ ಬಂದಿತ್ತು."

ಟೀಚರ್ ಸ್ಟೀರಿಂಗ್ ಮೇಲೆ ಹಣೆಯಿಟ್ಟು ನಗುತ್ತಿದ್ದರೋ ಅಳುತ್ತಿದ್ದರೋ ಗೊತ್ತಾಗಲಿಲ್ಲ. ನಾನು ರಸ್ತೆಯ ಬದಿಯಲ್ಲಿ, ತೆರೆದ ಬಾಗಿಲ ಹತ್ತಿರ ಕುಕ್ಕರಗಾಲಲ್ಲಿ ಕುಳಿತೆ. ಅಜ್ಜಿಯ ಪಾದಗಳು ಆ ರಬ್ಬರ್ ಬುಚ್ಚಿನ ಮೇಲಿದ್ದವು. ಇಷ್ಟು ದಿನ ಒಳಗೇ ಉಳಿದಿದ್ದ ಮಾತು ಹೊರಗೆ ಬಂತು.

"ತಪ್ಪಾತಬೇ ಯವ್ವಾ," ಅಂದೆ.

ಅಜ್ಜಿ ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಒಂದು ಜಡೆಗೆ ಇವನು ಇಷ್ಟೇಕೆ ಕಣ್ಣೀರು ಹಾಕುತ್ತಾನೆ ಎಂದು ಅವರಿಗೆ ಅನ್ನಿಸಿರಬೇಕು. ಸೆರಗಿನಿಂದ ನನ್ನ ಕೆನ್ನೆಯ ಮೇಲಿನ ಗ್ರೀಸ್ ಒರೆಸಿದರು.

"ಇರ್ಲಿ ಬಿಡೋ ತಮ್ಮಾ. ತಿರುಗಿ ಹೆಣೀತಾಳ," ಅಂದು ಮತ್ತೆ ಕಣ್ಣು ಮುಚ್ಚಿಕೊಂಡರು.